ಹಳೆಯ ಡೀಸೆಲ್ ಕಾರು ಚಳಿಯ ಬೆಳಗ್ಗೆ ಹಟ ಹಿಡಿದರೆ ಮೊದಲು ಏನನ್ನು ನೋಡಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ

ಕೇಳಿದವರು:
ನನ್ನದು ರೋಟರಿ ಪಂಪಿನ (ಒಂದೇ ಪಂಪ್ ಸರದಿಯಂತೆ ಎಲ್ಲ ಸಿಲಿಂಡರಿಗೂ ಡೀಸೆಲ್ ಒತ್ತುವ), ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಕಾರು; ಕಾಮನ್ ರೈಲ್ (ಹೆಚ್ಚು ಒತ್ತಡದ ಡೀಸೆಲನ್ನು ಒಂದೇ ಕೊಳವೆಯಲ್ಲಿ ತುಂಬಿಟ್ಟು ಕಂಪ್ಯೂಟರ್ ಮೂಲಕ ಹಂಚುವ ಬಗೆ) ಅಲ್ಲ. ರಾತ್ರಿ ನಿಲ್ಲಿಸಿ ಬೆಳಗ್ಗೆ ಸೆಲ್ಫ್ ಹೊಡೆದರೆ ಬಹಳ ಹೊತ್ತು ತಿರುಗಿ, ಬಿಳಿ ಹೊಗೆ ಕಾರಿ, ಸ್ವಲ್ಪ ಹೊತ್ತು ನಡುಗುತ್ತ ಓಡಿ, ಆಮೇಲೆ ತಾನಾಗಿ ಸರಿಹೋಗುತ್ತದೆ. ಬಿಸಿಯಾದ ಮೇಲೆ ದಿನವಿಡೀ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹೊಸದು, ಡೀಸೆಲ್ ಫಿಲ್ಟರ್ ಇತ್ತೀಚೆಗೆ ಬದಲಾಗಿದೆ, ಡ್ಯಾಶ್‌ಬೋರ್ಡಿನ ಸುರುಳಿ ದೀಪ (ಹೀಟರ್ ಪ್ಲಗ್‌ಗಳದು) ಸರಿಯಾಗಿಯೇ ಉರಿದು ಆರುತ್ತದೆ. ಎಲ್ಲಿಂದ ಆರಂಭಿಸಲಿ?

ಹೀಟರ್ ಪ್ಲಗ್ ಬದಲಿಸಿದವರು:
ಆ ದೀಪ ಉರಿದು ಆರಿದ ಮಾತ್ರಕ್ಕೆ, ತಣ್ಣಗಿನ ಸಿಲಿಂಡರುಗಳನ್ನು ಒಳಗಿನಿಂದ ಬಿಸಿ ಮಾಡುವ ಹೀಟರ್ ಪ್ಲಗ್‌ಗಳು ಕಾದಿವೆ ಎಂದರ್ಥವಲ್ಲ. ಹೆಚ್ಚಿನ ಹಳೆಯ ಕಾರುಗಳಲ್ಲಿ ಅದು ಟೈಮರ್ ಹೇಳಿದಷ್ಟು ಹೊತ್ತು ಉರಿಯುತ್ತದೆ, ಅಷ್ಟೆ. ನನ್ನ ಕಾರಿನಲ್ಲಿ ನಾಲ್ಕರಲ್ಲಿ ಎರಡು ಪ್ಲಗ್ ಸತ್ತಿದ್ದಾಗಲೂ ದೀಪ ತನ್ನ ಕೆಲಸವನ್ನು ಶಿಸ್ತಾಗಿ ಮಾಡುತ್ತಿತ್ತು. ಪ್ಲಗ್‌ಗಳನ್ನು ಜೋಡಿಸುವ ಪಟ್ಟಿಯನ್ನು ಬಿಚ್ಚಿ, ಒಂದೊಂದರ ತುದಿಗೂ ಎಂಜಿನ್ ಬ್ಲಾಕಿಗೂ ಮಲ್ಟಿಮೀಟರ್ ಹಿಡಿದರೆ ಸರಿಯಿರುವ ಪ್ಲಗ್ ಸುಮಾರು 1 ಓಮ್ ಅಥವಾ ಅದಕ್ಕೂ ಕಡಿಮೆ ತೋರಿಸುತ್ತದೆ, ಸುಟ್ಟುಹೋದದ್ದರಲ್ಲಿ ಸಂಪರ್ಕವೇ ಕಡಿದಿರುವುದರಿಂದ ಅದು ಏನನ್ನೂ ತೋರಿಸುವುದಿಲ್ಲ. ಪತ್ತೆ ಹಚ್ಚುವುದಕ್ಕೆ ಖರ್ಚೇ ಇಲ್ಲ.

ಖರ್ಚಾದದ್ದು ಆಮೇಲೆ. ಗ್ಯಾರೇಜಿನವರು ತಣ್ಣಗಿದ್ದ ಎಂಜಿನ್ನಿಗೇ ಉದ್ದ ಹಿಡಿಕೆಯ ಸ್ಪ್ಯಾನರ್ ಹಾಕಿ ತಿರುಗಿಸಿದರು. ಮೂರನೆಯ ಸಿಲಿಂಡರಿನ ಪ್ಲಗ್ ನಡುವೆ ಮುರಿದು ತುದಿ ಹೆಡ್ಡಿನೊಳಗೇ (ಸಿಲಿಂಡರುಗಳ ಮೇಲಿನ ಮುಚ್ಚಳದೊಳಗೇ) ಉಳಿಯಿತು. ಡ್ರಿಲ್ ಹಾಕಿ ತೆಗೆಯಲು ಹೋಗಿ ಥ್ರೆಡ್ ಹಾಳಾಯಿತು, ಕೊನೆಗೆ ಹೆಡ್ ಇಳಿಸಬೇಕಾಯಿತು. ಹೆಡ್ ಇಳಿದರೆ ಗ್ಯಾಸ್ಕೆಟ್ ಹೊಸದು, ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟುಗಳು ಮತ್ತೆ ಬಳಕೆಗೆ ಬಾರದ್ದರಿಂದ ಅವೂ ಹೊಸವು, ಕೂಲೆಂಟ್ ಹೊಸದು; ಹೇಗೂ ಬಿಚ್ಚಿದ್ದಾಗಿದೆಯಲ್ಲ ಎಂದು ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್; ಇಷ್ಟರ ಮೇಲೆ ಹೆಡ್ಡನ್ನು ಸಮತಟ್ಟು ಮಾಡಿಸಿದ ಕೂಲಿ. ಅಷ್ಟುದ್ದದ ಬಿಲ್ಲಿನಲ್ಲಿ ಪ್ಲಗ್‌ಗಳ ಬೆಲೆಯೇ ಎಲ್ಲಕ್ಕಿಂತ ಸಣ್ಣ ಸಾಲು. ಆದರೆ ಇಂದಿಗೂ ನನ್ನ ಕಾರು ಬೆಳಗ್ಗೆ ಮೊದಲ ಸುತ್ತಿಗೇ ಸ್ಟಾರ್ಟ್ ಆಗುತ್ತದೆ.

ಗಾಳಿ ಸೋರಿಕೆ ಕಂಡವರು:
ಬೆಳಗ್ಗೆ ಹಟ ಹಿಡಿದ ಪ್ರತಿಯೊಂದು ಡೀಸೆಲ್ ಕಾರಿಗೂ ಹೀಟರ್ ಪ್ಲಗ್ ಎಂಬ ಒಂದೇ ಮದ್ದು ಹೇಳುವವರ ಮಾತಿಗೆ ನನ್ನ ಕಾರಿನ ಚೆನ್ನಾಗಿದ್ದ ನಾಲ್ಕು ಪ್ಲಗ್‌ಗಳು ಬಲಿಯಾದವು. ಅದಾದ ಮೇಲೆ ರಿಲೇ ಬದಲಾಯಿತು, ಟೆಂಪರೇಚರ್ ಸೆನ್ಸರ್ ಬದಲಾಯಿತು, ಪಂಪ್ ಬಿಚ್ಚಿ ಸೀಲ್ ಹಾಕಿಸಿದ ಕೂಲಿಯೂ ಹೋಯಿತು. ದೋಷವಿದ್ದದ್ದು ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳ ನಡುವೆ ಹಾದುಹೋಗುವ, ಮೇಲೆ ಬಟ್ಟೆ ಹೆಣೆದ ಸಣ್ಣ ಲೀಕ್-ಆಫ್ (ಮಿಕ್ಕ ಡೀಸೆಲನ್ನು ಹಿಂದಕ್ಕೆ ಒಯ್ಯುವ) ಪೈಪಿನಲ್ಲಿ. ಆ ಪೈಪಿನ ಬೆಲೆ ಹೇಳಲೂ ನಾಚಿಕೆಯಾಗುವಷ್ಟು ಕಡಿಮೆ. ಒಣಗಿ ಬಿರಿದ ಪೈಪಿನಿಂದ ಗಾಳಿ ನುಸುಳಿ, ಲೈನಿನಲ್ಲಿದ್ದ ಡೀಸೆಲ್ ರಾತ್ರಿಯಿಡೀ ಟ್ಯಾಂಕಿಗೆ ಹಿಂದಿರುಗುತ್ತಿತ್ತು. ಬೆಳಗ್ಗೆ ಪಂಪ್ ಮೊದಲು ಗಾಳಿಯನ್ನೇ ಎಳೆಯುತ್ತಿತ್ತು.

ಪಂಪಿಗೆ ಡೀಸೆಲ್ ಬರುವ ಕಡೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡಿ, ಗುಳ್ಳೆ ಕಂಡರೆ ಕಥೆ ಮುಗಿಯಿತು. ಅದಕ್ಕೂ ಸುಲಭದ ಪರೀಕ್ಷೆಯೆಂದರೆ, ಒಂದು ರಾತ್ರಿ ಮೂತಿ ಕೆಳಗಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸುವುದು. ಟ್ಯಾಂಕ್ ಹಿಂದುಗಡೆ ಇರುವ ಕಾರಿನಲ್ಲಿ ಆಗ ಅದು ಪಂಪಿಗಿಂತ ಮೇಲಿರುವುದರಿಂದ ಡೀಸೆಲ್ ಹಿಂದಕ್ಕೆ ಇಳಿಯುವುದಿಲ್ಲ. ಮರುದಿನ ಬೆಳಗ್ಗೆ ಕಾರು ಸಲೀಸಾಗಿ ಸ್ಟಾರ್ಟ್ ಆದರೆ ಗಾಳಿಯದೇ ಕೆಲಸ.

ಹೀಟರ್ ಪ್ಲಗ್ ಬದಲಿಸಿದವರು:
ಪ್ರಶ್ನೆಯಲ್ಲಿ ಬಿಳಿ ಹೊಗೆ ಎಂದು ಬರೆದಿದ್ದಾರೆ. ಬಿಳಿ ಹೊಗೆಯೆಂದರೆ ಸಿಲಿಂಡರಿಗೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ ಎಂದು. ಲೈನ್ ಖಾಲಿಯಾಗಿದ್ದರೆ ಹೊಗೆ ಎಲ್ಲಿಂದ ಬರಬೇಕು?

ಗಾಳಿ ಸೋರಿಕೆ ಕಂಡವರು:
ಖಾಲಿ ಲೈನ್ ತುಂಬಿಕೊಂಡ ಮೇಲೆ ಬರುತ್ತದೆ ಸ್ವಾಮಿ. ಹೊಗೆ ಬರುತ್ತದೆಯೇ ಎಂಬುದಲ್ಲ, ಯಾವಾಗಿನಿಂದ ಬರುತ್ತದೆ ಎಂಬುದೇ ಪ್ರಶ್ನೆ. ಹೆಡ್ ಇಳಿಸಿಕೊಂಡವರಿಂದ ನಾನು ಪಾಠ ಕಲಿಯಬೇಕಾಗಿಲ್ಲ.

ಎಂಜಿನ್ ಓವರ್‌ಹಾಲ್ ಮಾಡಿಸಿದವರು:
ನೀವಿಬ್ಬರೂ ಮೂಲವನ್ನು ಬಿಟ್ಟು ಕೊಂಬೆಗಳನ್ನು ಹಿಡಿದಿದ್ದೀರಿ. ಡೀಸೆಲ್ ಹೊತ್ತಿಕೊಳ್ಳುವುದು ಒತ್ತಿದ ಗಾಳಿಯ ಬಿಸಿಗೆ. ಕಂಪ್ರೆಶನ್ ಇಲ್ಲದ ಎಂಜಿನ್ನಿಗೆ ಹೊಸ ಪ್ಲಗ್ ಹಾಕಿದರೇನು, ಹೊಸ ಪೈಪ್ ಹಾಕಿದರೇನು? ಹೊಸತರಲ್ಲಿ 30 ಬಾರ್ (ಒತ್ತಡದ ಅಳತೆ) ಆಸುಪಾಸು ತೋರಿಸುತ್ತಿದ್ದ ನನ್ನ ಎಂಜಿನ್ನಿನ ಎರಡು ಸಿಲಿಂಡರುಗಳು 20 ಬಾರ್‌ಗಿಂತ ಕೆಳಕ್ಕಿಳಿದಿದ್ದವು. ಬೋರ್ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ ಮತ್ತು ರಿಂಗ್ ಹಾಕಿಸಿ, ಕ್ರ್ಯಾಂಕ್ ತಿಕ್ಕಿಸಿ, ಬೇರಿಂಗ್, ಆಯಿಲ್ ಪಂಪ್, ವಾಲ್ವ್ ಗೈಡ್, ಸೀಲ್ ಎಲ್ಲವನ್ನೂ ಬದಲಿಸಿದೆ. ಬೋರ್ ಮಾಡಿದವನು ಒಂದು ಸಿಲಿಂಡರಿನ ಅಳತೆ ತಪ್ಪಿಸಿದ್ದರಿಂದ ಒಂದು ಪಿಸ್ಟನ್ ಎರಡು ಸಲ ಕೊಳ್ಳಬೇಕಾಯಿತು. ಆ ಎರಡನೆಯ ಪಿಸ್ಟನ್ನಿನ ದುಡ್ಡು ಇನ್ನೂ ಅವನಿಂದ ಬರಬೇಕಿದೆ. ಆದರೂ ಈ ಎಂಜಿನ್ ಇನ್ನೊಂದು ತಲೆಮಾರು ಓಡುತ್ತದೆ.

ಗಾಳಿ ಸೋರಿಕೆ ಕಂಡವರು:
ನಿಮ್ಮ ಲೆಕ್ಕ ನೋಡಿದರೆ ಆ ಕಾರನ್ನು ಮಾರಿ ಬಂದ ಹಣಕ್ಕಿಂತ ಎಂಜಿನ್ನಿಗೆ ಸುರಿದದ್ದೇ ಹೆಚ್ಚು.

ಎಂಜಿನ್ ಓವರ್‌ಹಾಲ್ ಮಾಡಿಸಿದವರು:
ಮಾರುವುದಾಗಿ ನಾನು ಎಲ್ಲೂ ಬರೆದಿಲ್ಲ. ನನ್ನ ದುಡ್ಡಿನ ಚಿಂತೆ ತಮಗೆ ಬೇಡ.

ಕಾಮನ್ ರೈಲ್ ಇಟ್ಟುಕೊಂಡವರು:
ನನ್ನ ಅನುಭವದಲ್ಲಿ ಇಂಜೆಕ್ಟರುಗಳ ರಿಟರ್ನ್ (ಅವು ಹಿಂದಕ್ಕೆ ಬಿಡುವ ಡೀಸೆಲ್) ಅಳೆಯದೆ ಯಾವ ತೀರ್ಮಾನಕ್ಕೂ ಬರಬಾರದು. ಸೆಲ್ಫ್ ಹೊಡೆಯುವಾಗ ರೈಲಿನ ಒತ್ತಡ ಸುಮಾರು 200 ಬಾರ್ ದಾಟದಿದ್ದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಂಜೆಕ್ಟರುಗಳನ್ನು ತೆರೆಯುವುದೇ ಇಲ್ಲ. ನನ್ನ ಒಂದು ಇಂಜೆಕ್ಟರ್ ಉಳಿದ ಮೂರೂ ಸೇರಿ ಹಿಂದಕ್ಕೆ ಬಿಡುವಷ್ಟನ್ನು ಒಂಟಿಯಾಗಿ ಬಿಡುತ್ತಿತ್ತು. ಅದನ್ನು ಬದಲಿಸಿದ್ದಲ್ಲದೆ, ಹೊಸದನ್ನು ಇಸಿಯುಗೆ ಪರಿಚಯಿಸುವ ಕೋಡಿಂಗ್‌ಗೆ ಬೇರೆಯೇ ಕೂಲಿ ತೆತ್ತೆ.

ಹೀಟರ್ ಪ್ಲಗ್ ಬದಲಿಸಿದವರು:
ಪ್ರಶ್ನೆಯ ಮೊದಲ ವಾಕ್ಯವನ್ನಾದರೂ ಓದಿ ಬರೆಯಬಾರದೇ? ಅವರದು ಕಾಮನ್ ರೈಲ್ ಅಲ್ಲ.

ಸೆಲ್ಫ್ ಮೋಟಾರ್ ಬಿಚ್ಚಿಸಿದವರು:
ಬ್ಯಾಟರಿ ಹೊಸದು ಎಂದ ಕೂಡಲೇ ಎಲ್ಲರೂ ಆ ವಿಷಯವನ್ನು ಕೈಬಿಡುತ್ತಾರೆ. ಎಂಜಿನ್ ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿಯ ಬಿಸಿ ಸಿಲಿಂಡರಿನ ಗೋಡೆಗೆ ಹೋಗಿಬಿಡುತ್ತದೆ, ರಿಂಗುಗಳ ಪಕ್ಕದಿಂದಲೂ ಗಾಳಿ ಸೋರುತ್ತದೆ. ನನ್ನ ಹೊಸ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೂ ಸೆಲ್ಫ್ ಹೊಡೆಯುವಾಗ ಮೋಟಾರಿಗೆ 9 ವೋಲ್ಟ್ ಕೂಡ ತಲುಪುತ್ತಿರಲಿಲ್ಲ. ಗೇರ್‌ಬಾಕ್ಸಿನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ತ್ ಪಟ್ಟಿ ಒಳಗೆ ಹಸಿರುಗಟ್ಟಿತ್ತು. ಅದನ್ನು ನೋಡದೆ ಗ್ಯಾರೇಜಿನವರು ಮೊದಲು ಮೋಟಾರನ್ನೇ ಬಿಚ್ಚಿ ಬ್ರಷ್, ಬುಷ್, ಸೊಲೆನಾಯ್ಡ್ ಬದಲಿಸಿ ಬಿಲ್ ಬರೆದಿದ್ದರು. ಒಂದು ತಂತಿಯ ಪಟ್ಟಿಗೆ ಅಷ್ಟೂ ಖರ್ಚು!

ಸ್ಪ್ರೇ ಬಳಸುವವರು:
ಇಷ್ಟೆಲ್ಲ ಏಕೆ? ಏರ್ ಫಿಲ್ಟರಿನ ಬಾಯಿಗೆ ಸ್ಟಾರ್ಟಿಂಗ್ ಸ್ಪ್ರೇ ಒಂದು ಸಲ ಹೊಡೆದರೆ ಎಂತಹ ಚಳಿಯಲ್ಲೂ ಸ್ಟಾರ್ಟ್ ಆಗುತ್ತದೆ. ಪ್ರತಿ ಚಳಿಗಾಲವೂ ನಾನು ಮಾಡುವುದು ಅದನ್ನೇ.

ಎಂಜಿನ್ ಓವರ್‌ಹಾಲ್ ಮಾಡಿಸಿದವರು:
ದಯವಿಟ್ಟು ಇಂತಹ ಸಲಹೆಯನ್ನು ಯಾರಿಗೂ ಕೊಡಬೇಡಿ. ಅದರಲ್ಲಿರುವ ಈಥರ್ 200 ಡಿಗ್ರಿಗೂ ಮೊದಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಕೆಂಪಗೆ ಕಾದ ಹೀಟರ್ ಪ್ಲಗ್ ಇರುವ ಸಿಲಿಂಡರಿನಲ್ಲಿ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸಿಡಿದು ರಿಂಗ್ ಮತ್ತು ಪಿಸ್ಟನ್ನಿನ ಅಂಚನ್ನು ಒಡೆಯುತ್ತದೆ. ನನ್ನ ಕಾರಿನ ಹಿಂದಿನ ಮಾಲೀಕರೂ ಇದೇ ಚಟದವರು. ಅವರ ಸ್ಪ್ರೇಯ ಬಿಲ್ಲನ್ನು ನಾನು ಕಟ್ಟಿದ್ದೇನೆ.

ಸ್ಪ್ರೇ ಬಳಸುವವರು:
ನನ್ನ ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ. ಬಿಚ್ಚಿಸಿಕೊಂಡವರು ನೀವು.

ಪಂಪ್ ಕೆಲಸ ಬಲ್ಲವರು:
ಜಗಳದ ನಡುವೆ ಒಂದು ಮಾತು. ಅನೇಕ ರೋಟರಿ ಪಂಪ್‌ಗಳಲ್ಲಿ ಎಂಜಿನ್ ತಣ್ಣಗಿರುವಾಗ ಇಂಜೆಕ್ಷನ್ನನ್ನು ತುಸು ಮುಂಚಿತಗೊಳಿಸುವ ಏರ್ಪಾಡು ಇರುತ್ತದೆ. ಕೆಲವಕ್ಕೆ ಕೈಯಿಂದ ಎಳೆಯುವ ಕೇಬಲ್, ಕೆಲವಕ್ಕೆ ಕೂಲೆಂಟಿನ ಬಿಸಿಗೆ ಹಿಗ್ಗುವ ಮೇಣದ ಭಾಗ. ಅದು ಕೆಟ್ಟರೂ ಇದೇ ಬಿಳಿ ಹೊಗೆ, ಇದೇ ನಡುಕ. ಹೆಡ್ ಇಳಿಸುವ ಮುನ್ನ ಆ ಲಿವರ್ ಅಲುಗುತ್ತದೆಯೇ ಎಂದು ನೋಡುವುದು ಒಳ್ಳೆಯದು.

ಕೇಳಿದವರು:
ಎಲ್ಲರಿಗೂ ವಂದನೆಗಳು. ಮೂತಿ ಕೆಳಗೆ ಮಾಡಿ ನಿಲ್ಲಿಸಿದರೂ ಏನೂ ವ್ಯತ್ಯಾಸವಾಗಲಿಲ್ಲ. ಹೊಗೆ ಮೊದಲ ಸುತ್ತಿನಿಂದಲೇ ಬರುತ್ತದೆ. ಸೆಲ್ಫ್ ಹೊಡೆಯುವಾಗ ಮೋಟಾರಿನ ಬಳಿ 10.4 ವೋಲ್ಟ್ ಇದೆ. ಪಂಪಿನ ಲಿವರ್ ಅಲುಗುತ್ತದೆ. ಒಂದು ಮತ್ತು ನಾಲ್ಕನೆಯ ಪ್ಲಗ್‌ಗಳಲ್ಲಿ ಮೀಟರ್ ಏನನ್ನೂ ತೋರಿಸುತ್ತಿಲ್ಲ. ಮುರಿಯದಂತೆ ತೆಗೆಯುವುದು ಹೇಗೆ?

ಹೀಟರ್ ಪ್ಲಗ್ ಬದಲಿಸಿದವರು:
ನಾನು ಮೊದಲೇ ಹೇಳಿದ್ದೆ. ಹಿಂದಿನ ದಿನವೇ ಬುಡಕ್ಕೆ ತುಕ್ಕು ಸಡಿಲಿಸುವ ಎಣ್ಣೆ ಬಿಡಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಗಿಡ್ಡ ಹಿಡಿಕೆಯಿಂದ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿಸುತ್ತ ಹೊರತೆಗೆಯಿರಿ. ಬಿಗಿ ಅನಿಸಿದರೆ ಬಲ ಹಾಕಬೇಡಿ, ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಗಾಳಿ ಸೋರಿಕೆ ಕಂಡವರು:
ಎರಡೇ ಸತ್ತಿರುವಾಗ ನಾಲ್ಕನ್ನೂ ಬದಲಿಸಿ ಎನ್ನುವುದು ಅಂಗಡಿಯವರ ಮಾತು. ಅಂದ ಹಾಗೆ, ಪಾರದರ್ಶಕ ಪೈಪ್ ಹಾಕಿ ನೋಡಿದಿರೋ ಇಲ್ಲವೋ ಎಂಬುದನ್ನು ನೀವು ಇನ್ನೂ ಹೇಳಿಲ್ಲ.