ರೇಜರಿನ ಬುಡಕ್ಕೆ ಮೊನೆ ಬರುತ್ತಿಲ್ಲ, ಬೆವೆಲ್ ಒಂದೇ ಸಮ ಇಲ್ಲ

ಕುಂಬಳೆ_ಕಡಲು: ತಲೆ ಕೆಟ್ಟುಹೋಗಿದೆ ಮಾರಾಯ್ರೇ. ಜರ್ಮನಿಯ ಝೋಲಿಂಗನ್ ಊರಿನ ಹಳೆಯ ರೇಜರ್, ಮಡಚುವ ಕ್ಷೌರಕತ್ತಿ. ಎಷ್ಟು ಮಸೆದರೂ ಬೆವೆಲ್ (ಬಾಯಿಯ ಪಕ್ಕ ಮಸೆದು ಬರುವ ಇಳಿಜಾರು ಪಟ್ಟಿ) ತುದಿಯಲ್ಲಿ ಅಗಲ, ಹಿಡಿಯ ಕಡೆ ದಾರದಷ್ಟು ಸಪೂರ. ತುದಿಗೆ ಕೈಕೂದಲು ಹಾರುತ್ತದೆ, ಬುಡ ಮೊಂಡು. ಏನು ಮಾಡುವುದು?

ಆದೋನಿ_ಸಾಣೆ: ಕಲ್ಲು ಮಧ್ಯದಲ್ಲಿ ತಗ್ಗು ಬಿದ್ದಿದೆ, ಬೇರೇನೂ ಅಲ್ಲ. ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಚೌಕಳಿ ಗೆರೆ ಎಳೆಯಿರಿ. ಗಾಜಿನ ಮೇಲೆ 220 ಗ್ರಿಟ್ಟಿನ (ಅಂಕಿ ಹೆಚ್ಚಿದಷ್ಟೂ ನುಣುಪು) ವಾಟರ್ ಪೇಪರ್ ಇಟ್ಟು ಕಲ್ಲನ್ನು ತಿಕ್ಕಿ. ಗೆರೆ ಪೂರ್ತಿ ಹೋಗಬೇಕು.

ಕುಂಬಳೆ_ಕಡಲು: ಅದು ಮಾಡಿಯೇ ಮಸೆದದ್ದು. ಅದನ್ನೂ ಹೇಳಬೇಕಿತ್ತಾ?

ಆದೋನಿ_ಸಾಣೆ: ಮತ್ತೊಮ್ಮೆ ಮಾಡಿ. ಕಲ್ಲು ಬೇಗ ಸವೆಯುತ್ತದೆ.

ತಾಳವಾಡಿ_ಘಟ್ಟ: ಯಾವ ಕಲ್ಲು? ಮಸೆಯುವಾಗ ಸವೆಯದಂತೆ ಅಲಗಿನ ಬೆನ್ನಿಗೆ ಟೇಪ್ ಅಂಟಿಸಿದ್ದೀರಾ? ಎರಡೂ ಮಗ್ಗುಲಲ್ಲಿ ಹೀಗೇನಾ? ಒಂದು ಮಗ್ಗುಲಲ್ಲಿ ತುದಿ ಅಗಲ, ಇನ್ನೊಂದರಲ್ಲಿ ಬುಡ ಅಗಲ ಇದ್ದರೆ ಅಲಗು ತಿರುಚಿರಬಹುದು.

ಕುಂಬಳೆ_ಕಡಲು: ಕಿಂಗ್ ಕಂಪನಿಯ 1000 ಗ್ರಿಟ್. ಅಲಗಿನ ಅಗಲ 6/8 ಇಂಚು. ಟೇಪ್ ಒಂದು ಪದರ. ಎರಡೂ ಕಡೆ ತುದಿಯೇ ಅಗಲ.

ಅಕ್ಕಲಕೋಟೆ_ಕ್ಷೌರ: ಮೊದಲು ಟೇಪ್ ತೆಗೆಯಿರಿ. ಬೆನ್ನೂ ಬಾಯೂ ಒಟ್ಟಿಗೆ ಸವೆದರೇನೇ ಕೋನ ಉಳಿಯೋದು. 6/8 ಅಲಗಿಗೆ ಒಂದು ಪದರ ಟೇಪ್ ಹಾಕಿದರೆ ಹತ್ತಿರ ಹತ್ತಿರ ಒಂದು ಡಿಗ್ರಿ ಏರುತ್ತದೆ.

ತಾಳವಾಡಿ_ಘಟ್ಟ: ಏರಲಿ ಬಿಡಿ. ಪ್ರತಿ ಸಲ ಟೇಪ್ ಹಾಕಿದರೆ ಅದೇ ಕೋನ ಅಲ್ವಾ? ಬೆನ್ನಿನ ಮೇಲೆ ಚಿನ್ನದ ಚಿತ್ತಾರ ಇದ್ದರೆ ಅದನ್ನೂ ತಿಕ್ಕಿ ತೆಗೀತೀರಾ?

ಅಕ್ಕಲಕೋಟೆ_ಕ್ಷೌರ: ರೇಜರ್ ಇರೋದು ಗಡ್ಡಕ್ಕೋ ಶೋಕೇಸಿಗೋ?

ಮುಳ್ಳೇರಿಯ_ಅಡಿಕೆ: ಟೇಪ್ ಜಗಳ ಆಮೇಲೆ. ಬೆವೆಲಿಗೆ ಮಾರ್ಕರ್ ಹಚ್ಚಿ. ಹಿಡಿಯ ಹತ್ತಿರ ಅಲಗು ದಪ್ಪ ಆಗುತ್ತದಲ್ವಾ, ಆ ಉಬ್ಬಿಗೂ ಹಚ್ಚಿ. ಒತ್ತದೆ ಒಂದೆರಡು ಸಲ ಎಳೆಯಿರಿ. ಉಬ್ಬಿನ ಬಣ್ಣ ಹೋಗಿ ಪಕ್ಕದ ಬಾಯಿಯದ್ದು ಉಳಿದರೆ, ಉಬ್ಬು ಕಲ್ಲಿಗೆ ಹತ್ತಿ ಬುಡವನ್ನು ಎತ್ತುತ್ತಿದೆ ಅಂತ. ತುಂಬ ಮಸೆದ ಹಳೆಯ ರೇಜರಿನಲ್ಲಿ ಇದು ಮಾಮೂಲು. ಬಾಯಿ ಸವೆದು ಹಿಂದೆ ಸರಿದಿರುತ್ತದೆ, ಉಬ್ಬು ಇದ್ದಲ್ಲೇ ಇರುತ್ತದೆ.

ಕುಂಬಳೆ_ಕಡಲು: ಉಬ್ಬಿನ ಬಣ್ಣ ಪೂರಾ ಹೋಯಿತು! ಬುಡದ ಬಾಯಿಯಲ್ಲಿ ಹಾಗೇ ಉಂಟು. ಇನ್ನು ಜಾಸ್ತಿ ಒತ್ತಬೇಕಾ?

ಮುಳ್ಳೇರಿಯ_ಅಡಿಕೆ: ಒತ್ತಲೇಬೇಡಿ. ಅಲಗನ್ನು 45 ಡಿಗ್ರಿಯಷ್ಟು ಓರೆ ಹಿಡಿಯಿರಿ, ಬುಡ ಮುಂದೆ, ತುದಿ ಹಿಂದೆ. ಉಬ್ಬು ಕಲ್ಲಿನ ಅಂಚಿನಿಂದ ಹೊರಗೇ ಇರಲಿ. ಆದರೂ ತಾಗಿದರೆ ಬುಡದ ಮೂಲೆಯನ್ನು ಡೈಮಂಡ್ ಪ್ಲೇಟಿನಲ್ಲಿ (ವಜ್ರದ ಪುಡಿ ಕೂರಿಸಿದ ತಟ್ಟೆ) ಉಜ್ಜಿ ಗುಂಡಗೆ ಮಾಡಿ, ಬಾಯಿ ಉಬ್ಬಿನಿಂದ ದೂರ ಶುರುವಾಗಬೇಕು. ಗ್ರೈಂಡರಿಗೆ ಮಾತ್ರ ಕೊಡಬೇಡಿ, ಬಿಸಿಗೆ ಉಕ್ಕಿನ ಹದ ಹೋಗುತ್ತದೆ.

ಆದೋನಿ_ಸಾಣೆ: ಆದರೂ ಕಲ್ಲು ಒಮ್ಮೆ ನೋಡಿ.

ಕುಂಬಳೆ_ಕಡಲು: ಓರೆ ಹಿಡಿದು ಮಸೆದೆ. ಬುಡದ ಬಣ್ಣ ಮುಕ್ಕಾಲು ಹೋಗಿದೆ, ಕೊನೆಯ ಮೂಲೆ ಬಾಕಿ. ಡೈಮಂಡ್ ಪ್ಲೇಟ್ ಎಷ್ಟು ಗ್ರಿಟ್ ಅಣ್ಣಾ?

ಅಕ್ಕಲಕೋಟೆ_ಕ್ಷೌರ: ಬರೀ 1000ಕ್ಕೆ ಮುಗಿಯಲ್ಲ. ಆಮೇಲೆ ನುಣುಪು ಕಲ್ಲು ಬೇಕು. ನನ್ನ ಹತ್ತಿರ ನಾರ್ಟನ್ ಕಂಪನಿಯ 4000/8000 ಇದೆ, ನಾನಿವಾ ಕಂಪನಿಯ 12000 ಇದೆ. ಎಲ್ಲಕ್ಕಿಂತ ಮೇಲೆ ಬೆಲ್ಜಿಯಂನ ಕೊಟಿಕ್ಯೂಲ್, ನೆಲದಿಂದ ತೆಗೆದ ಗಾರ್ನೆಟ್ ಕಲ್ಲು. ಅದರ ಮೇಲೆ ಮಸೆದ ಬಾಯಿಗೆ ಮುಖ ಉರಿಯೋದೇ ಇಲ್ಲ.

ತಾಳವಾಡಿ_ಘಟ್ಟ: ಶುರುವಾಯ್ತು.

ಮುಳ್ಳೇರಿಯ_ಅಡಿಕೆ: ಡೈಮಂಡ್ ಪ್ಲೇಟ್ 400 ಸಾಕು. ಎರಡೂ ಮಗ್ಗುಲು ಸಮ ನೋಡಿಕೊಂಡು ಉಜ್ಜಿ.

ಕುಂಬಳೆ_ಕಡಲು: ಆಯ್ತು. ಇನ್ನೊಂದು, ಈ ಮಳೆಗೆ ಅಲಗು ಹಿಡಿಗೆ ಸೇರುವ ಪಿನ್ನಿನ ಹತ್ತಿರ ತುಕ್ಕು ಬರುತ್ತಿದೆ. ತೆಂಗಿನೆಣ್ಣೆ ಸಾಕಾ?

ಅಕ್ಕಲಕೋಟೆ_ಕ್ಷೌರ: ಅದು ಅಂಟಾಗುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಹಾಕಿ.

ಮುಳ್ಳೇರಿಯ_ಅಡಿಕೆ: ನಮ್ಮ ಊರಲ್ಲಿ ನಿಂತು ತೆಂಗಿನೆಣ್ಣೆಗೆ ಹೆಸರಿಡಬೇಡಿ ಸ್ವಾಮೀ.