ತಲೆಗೊಂದು ಹಲಗೆ

ಶೀನಿಯ ಮನೆಯ ಮಹಡಿಯಲ್ಲಿ ನಾಲ್ಕನೆಯ ಭಾನುವಾರವೂ ಉಪ್ಪುಕಾಗದದ ಸದ್ದು ನಿಂತಿರಲಿಲ್ಲವಾದ್ದರಿಂದ, ರಾಘಣ್ಣನೂ ವಾಸುವೂ ಕೆಳಗೆ ಕುಳಿತು ಕಾಫಿ ಕುಡಿಯುವ ಆಸೆಯನ್ನು ಬಿಟ್ಟು ಮೆಟ್ಟಿಲು ಹತ್ತಿದರು. ಹುಬ್ಬಿನವರೆಗೆ ಮರದ ಪುಡಿ ಮೆತ್ತಿಕೊಂಡಿದ್ದ ಶೀನಿಯು ಭಸ್ಮ ಬಳಿದುಕೊಂಡ ಬೈರಾಗಿಯಂತೆ ಕಾಣುತ್ತಿದ್ದನು.

"ಇನ್ನೂ ಮಂಚ ಮುಗಿಯಲಿಲ್ಲವೇ?" ಎಂದು ರಾಘಣ್ಣ ಕೇಳಿದನು.

"ಮಂಚವಲ್ಲ, ಮಂಚದ ಹೆಡ್‌ಬೋರ್ಡ್. ತಲೆದೆಸೆಯಲ್ಲಿ ಗೋಡೆಗೆ ಒರಗಿ ನಿಲ್ಲುವ ಹಲಗೆ."

"ಮಲಗುವವನ ತಲೆ ದಿಂಬಿನ ಮೇಲಿರುತ್ತದೆ, ದಿಂಬು ಹಾಸಿಗೆಯ ಮೇಲಿರುತ್ತದೆ. ಹಲಗೆಗೆ ಅಲ್ಲೇನು ಕೆಲಸ?"

"ನೋಟಕ್ಕೆ ಚೆನ್ನಾಗಿರುತ್ತದೆ."

"ಕಣ್ಣು ಮುಚ್ಚಿಕೊಳ್ಳುವ ಜಾಗದಲ್ಲಿ, ಅದೂ ತಲೆಯ ಹಿಂದೆ!" ಎಂದು ರಾಘಣ್ಣ ಕವುಚಿ ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತನು.

ಈಗ ಎಲ್ಲರೂ ಇಂಥದ್ದನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆಂದೂ, ವೀಡಿಯೊದಲ್ಲಿ ಒಬ್ಬನು ಹನ್ನೊಂದೇ ನಿಮಿಷದಲ್ಲಿ ಇದನ್ನು ಮಾಡಿ ಮುಗಿಸಿದನೆಂದೂ ಶೀನಿ ವಿವರಿಸಿದನು. "ಸಿನಿಮಾದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ತೊಟ್ಟಿಲ ಕೂಸು ಮೀಸೆ ಹೊತ್ತು ನಿಲ್ಲುತ್ತದೆ. ಹಾಗೆಂದು ಯಾರೂ ಹೆರಿಗೆ ಆಸ್ಪತ್ರೆಯಿಂದ ನೇರವಾಗಿ ಕಾಲೇಜಿಗೆ ಹೋಗಿ ಅರ್ಜಿ ಕೊಡುವುದಿಲ್ಲ" ಎಂದನು ರಾಘಣ್ಣ.

ಲೆಕ್ಕ ಕೇಳಿದವನು ವಾಸು. ಪೈನ್ ಹಲಗೆಗಳಿಗೆ 2,800 ರೂಪಾಯಿ. ಡ್ರಿಲ್ಲು, ಕರೆಂಟಿನ ಗರಗಸ, ಅಂಟು ಹಾಕಿದ ಮೇಲೆ ಬಿಗಿಹಿಡಿಯುವ ನಾಲ್ಕು ಕ್ಲಾಂಪುಗಳು ಸೇರಿ 11,000. "ಬಡಗಿ ಬಂದಿದ್ದರೆ ಎರಡು ದಿನದ ಕೂಲಿ ತೆಗೆದುಕೊಂಡು, ತನ್ನ ಗರಗಸವನ್ನು ತಾನೇ ತಂದು, ಹೋಗುವಾಗ ತಾನೇ ಹೊತ್ತುಕೊಂಡೂ ಹೋಗುತ್ತಿದ್ದ. ನೀನು ಕೂಲಿ ಉಳಿಸಿ ಬಡಗಿಯ ಸಂಸಾರವನ್ನೇ ಕೊಂಡುಕೊಂಡಿದ್ದೀಯೆ" ಎಂದು ರಾಘಣ್ಣ ತೀರ್ಪು ಕೊಟ್ಟನು.

ಹಲಗೆಯೇನೋ ಸರಳವಾದದ್ದೇ. ಆರು ಅಂಗುಲ ಅಗಲದ ನಾಲ್ಕು ಪಟ್ಟಿಗಳನ್ನು ಅಡ್ಡಡ್ಡಲಾಗಿ ಒಂದರ ಮೇಲೊಂದು ಜೋಡಿಸಿ, ಹಿಂದೆ ಮೇಲಿನಿಂದ ಕೆಳಕ್ಕೆ ಎರಡು ರೀಪರುಗಳನ್ನು, ಎಂದರೆ ಕಿರಿದಾದ ಮರದ ಪಟ್ಟಿಗಳನ್ನು, ಕೊಟ್ಟರೆ, ಐದಡಿಯ ಮಂಚಕ್ಕೆ ಎರಡಡಿ ಎತ್ತರದ ತಲೆದೆಸೆ ಸಿದ್ಧವಾಗುತ್ತದೆ. ಆದರೆ ಶೀನಿಯು ಉತ್ಸಾಹದಲ್ಲಿ ರೀಪರಿಗೂ ಅಂಟು ಬಳಿದು, ಸ್ಕ್ರೂಗಳನ್ನೂ ಉಸಿರುಗಟ್ಟುವಂತೆ ತಿರುಗಿಸಿಬಿಟ್ಟಿದ್ದನು. ಆಷಾಢದ ಮಳೆ ಹಿಡಿದ ವಾರವೇ ಹಲಗೆ ಹಪ್ಪಳದಂತೆ ಬಾಗಿತ್ತು.

"ಮರವು ತೇವಕ್ಕೆ ಅಗಲದಲ್ಲಿ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ, ಉದ್ದದಲ್ಲಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ" ಎಂದು ವಾಸು ಪಾಠ ಆರಂಭಿಸಿದನು. "ರೀಪರಿನ ತೂತನ್ನು ಸ್ವಲ್ಪ ಉದ್ದುದ್ದವಾಗಿ ಕೊರೆದು, ಅಂಟು ಹಾಕದೆ ಸ್ಕ್ರೂ ಬಿಟ್ಟರೆ ಹಲಗೆ ಹಿಗ್ಗಿದಾಗ ಜರುಗಲು ಜಾಗವಿರುತ್ತದೆ."

"ಮದುವೆಯಾದ ಮೇಲೆ ಅಗಲ ಹೆಚ್ಚುತ್ತದೆ, ಉದ್ದ ಇದ್ದಷ್ಟೇ ಇರುತ್ತದೆ ಎನ್ನುವುದಕ್ಕೆ ನಿನ್ನ ಷರಟಿನ ಗುಂಡಿಗಳೇ ಸಾಕ್ಷಿ ಹೇಳುತ್ತಿವೆ. ಮರದ ವಿಷಯ ಬೇರೆ ಹೇಳಬೇಕೇ?" ಎಂದನು ರಾಘಣ್ಣ.

ರೀಪರನ್ನು ಕಿತ್ತು ಹೊಸದಾಗಿ ಜೋಡಿಸಿದ್ದು ಎರಡನೆಯ ಭಾನುವಾರದ ಕಥೆ. ಮೂರನೆಯ ಭಾನುವಾರದ್ದು ಅದಕ್ಕಿಂತಲೂ ಕರುಣಾಜನಕವಾದದ್ದು. 80ನೇ ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ 120ರಲ್ಲಿ, ಆಮೇಲೆ 220ರಲ್ಲಿ, ಅದೂ ಮರದ ಎಳೆ ಓಡಿದ ದಿಕ್ಕಿನಲ್ಲಿಯೇ ಉಜ್ಜಬೇಕಾದವನು, ಮಧ್ಯದ ನಂಬರನ್ನು ಹಾರಿಸಿಬಿಟ್ಟನು. ಗೀರುಗಳು ಕಣ್ಣಿಗೆ ಕಾಣಲಿಲ್ಲ. ತೇಗದ ಬಣ್ಣ ಬಳಿದೊಡನೆ ಒಂದೊಂದೂ ಎದ್ದು ಬಂದು ಹಾಜರಿ ಹಾಕಿತು. ಪೈನ್ ಮರವು ಬಣ್ಣವನ್ನು ಒಂದು ಕಡೆ ಗಟಗಟ ಕುಡಿದು ಇನ್ನೊಂದು ಕಡೆ ಉಗುಳುವ ಸ್ವಭಾವದ್ದಾದ್ದರಿಂದ, ಮೈತುಂಬ ಮಚ್ಚೆ. "ತೇಗ ಬೇಡಿದ, ಚಿರತೆ ವರವಾಗಿ ಬಂತು" ಎಂದು ರಾಘಣ್ಣ ಇಡೀ ಬೀದಿಗೆ ಸಾರಿದ್ದನು. ಅದನ್ನೆಲ್ಲ ಕೆರೆದು ತೆಗೆಯುವ ಸದ್ದೇ ಈ ಭಾನುವಾರ ಕೇಳಿಬರುತ್ತಿದ್ದುದು.

"ಈ ಸಲ ಮೊದಲು ಅರಗಿನ ತೆಳು ಕೋಟು ಕೊಡುತ್ತೇನೆ. ಆಮೇಲೆ ಬಣ್ಣ ಒಂದೇ ಸಮ ಹಿಡಿಯುತ್ತದೆ" ಎಂದು ಶೀನಿ ಸ್ಪಿರಿಟ್ಟಿನಲ್ಲಿ ಅರಗಿನ ಚಕ್ಕೆ ಕರಗಿಸಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದನು. ಒಳಗಿನ ದ್ರವ ಜೇನಿನ ಬಣ್ಣದ್ದು.

"ಚನ್ನಪಟ್ಟಣದ ಬೊಂಬೆಗೂ ಅರಗೇ" ಎಂದು ವಾಸು ಹುರುಪಿನಿಂದ ಹೇಳಿದನು. "ಅಲ್ಲಿ ಬಾಟಲಿ, ಬ್ರಷ್ಷು ಯಾವುದೂ ಇಲ್ಲ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ; ಉಜ್ಜಾಟದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ತಾಳೆಯ ಗರಿಯಲ್ಲಿ ಉಜ್ಜಿದರೆ ಹೊಳಪು ಬರುತ್ತದೆ."

"ಹಾಗಾದರೆ ಶೀನಿಯನ್ನು ಮಲಗಿಸಿ ಮಂಚವನ್ನೇ ಗರಗರನೆ ತಿರುಗಿಸೋಣ. ಕಡ್ಡಿ ನಾನು ಹಿಡಿಯುತ್ತೇನೆ."

ಕಾಫಿ ತಂದ ಪದ್ದಕ್ಕನ ಕಣ್ಣು ಮೂಲೆಯ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಬಿತ್ತು. ಪರೀಕ್ಷೆಗೆಂದು ಒಂದು ತುಂಡು ಮರಕ್ಕೆ ಅಗಸೆ ಎಣ್ಣೆ ಬಳಿದ ಬಟ್ಟೆಯನ್ನು ಶೀನಿಯು ಮುದ್ದೆ ಮಾಡಿ ಅದರೊಳಗೆ ಎಸೆದಿದ್ದನು. ವಾಸು ಓಡಿಹೋಗಿ ಅದನ್ನು ಬಿಡಿಸಿ ತಂತಿಯ ಮೇಲೆ ಹರಡಿದನು. ಆ ಎಣ್ಣೆ ಒಣಗುವಾಗ ಬಿಸಿಯೇಳುತ್ತದೆಂದೂ, ಮುದ್ದೆಯಾಗಿದ್ದರೆ ಬಿಸಿ ಹೊರಗೆ ಹೋಗಲಾರದೆ ಬಟ್ಟೆ ತಾನೇ ಹೊತ್ತಿಕೊಳ್ಳಬಹುದೆಂದೂ ಅವನು ಏದುಸಿರಿನಲ್ಲಿಯೇ ತಿಳಿಸಿದನು.

"ಅರಗೂ ಸಿದ್ಧ, ತಾನೇ ಹೊತ್ತಿಕೊಳ್ಳುವ ಬತ್ತಿಯೂ ಸಿದ್ಧ" ಎಂದನು ರಾಘಣ್ಣ. "ದುರ್ಯೋಧನನಾದರೂ ಈ ಕೆಲಸಕ್ಕೆ ಪುರೋಚನನನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದ. ಪದ್ದಕ್ಕ, ಸುರಂಗದ ಬಾಗಿಲು ಎಲ್ಲಿದೆಯೆಂದು ಈಗಲೇ ತೋರಿಸಿಬಿಡಿ."

ಮಳೆಗಾಲದ ತೇವದಲ್ಲಿ ಅರಗು ಬೆಳ್ಳಗೆ ಮಂಕು ಹಿಡಿಯುತ್ತದೆಂದು ಬಿಸಿಲಿಗೆ ಕಾಯ್ದು, ಕೊನೆಗೂ ಶ್ರಾವಣದ ಒಂದು ಭಾನುವಾರ ಹಲಗೆ ಕೆಳಗಿಳಿಯಿತು. ಮಚ್ಚೆಯಿರಲಿಲ್ಲ. ಕಿಟಕಿಯ ಬೆಳಕಿಗೆ ಎಳೆಗಳು ಒಂದೊಂದಾಗಿ ಕಾಣುತ್ತಿದ್ದವು. ಹೊಗಳುವ ಮಾತು ಬಾಯಿಯವರೆಗೆ ಬಂದಿತ್ತಾದರೂ ರಾಘಣ್ಣ ಅದನ್ನು ನುಂಗಿಕೊಂಡು ಗೋಡೆಯನ್ನು ನೋಡಿದನು.

ಮಂಚದ ಹಿಂದೆ, ಕುಳಿತವರ ತಲೆಯ ಮಟ್ಟಕ್ಕೆ ಸರಿಯಾಗಿ, ದೋಸೆಯಷ್ಟು ಅಗಲದ ಕಂದು ಗುರುತೊಂದಿತ್ತು. ಅದು ಶೀನಿಯ ತಂದೆಯ ಕೋಣೆ. ತಲೆಗೆ ಕೊಬ್ಬರಿ ಎಣ್ಣೆ ತಟ್ಟಿಕೊಂಡು, ಅಲ್ಲಿಯೇ ಒರಗಿ, ಪತ್ರಿಕೆಯನ್ನು ಮೊದಲ ಅಕ್ಷರದಿಂದ ಮುದ್ರಕರ ಹೆಸರಿನವರೆಗೆ ಅವರು ಓದುತ್ತಿದ್ದುದನ್ನು ಮೂವರೂ ಕಂಡವರೇ.

"ನೋಡಿ ಕಲಿಯಪ್ಪ" ಎಂದನು ರಾಘಣ್ಣ. "ದಿನಕ್ಕೊಂದು ತೆಳುವಾದ ಕೋಟು, ಒಂದೇ ದಿಕ್ಕಿನಲ್ಲಿ ಉಜ್ಜಿ, ಮೂವತ್ತು ವರ್ಷ. ನಿಮ್ಮಪ್ಪ ಒಂದು ವೀಡಿಯೊವನ್ನೂ ನೋಡದೆ ಮಾಡಿದ ಪಾಲಿಶ್ ಇದು."

"ಎರಡು ಸಲ ಬಣ್ಣ ಹೊಡೆಸಿದೆವು. ಹದಿನೈದು ದಿನಕ್ಕೆ ಮತ್ತೆ ಎದ್ದು ಬರುತ್ತದೆ" ಎಂದಳು ಪದ್ದಕ್ಕ.

"ಬರದೆ ಏನು? ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆಗೆ ಆ ಗುಣವಿಲ್ಲ, ಎಷ್ಟು ವರ್ಷವಾದರೂ ಒಣಗುವುದಿಲ್ಲ" ಎಂದು ವಾಸು ಮತ್ತೆ ಪಾಠಕ್ಕಿಳಿದನು. "ಗೋಡೆಯ ಜಿಡ್ಡು ಒರೆಸಿ ಅರಗಿನ ಒಂದು ಕೋಟು ಬಳಿದು, ಅದರ ಮೇಲೆ ಬಣ್ಣ ಹೊಡೆದಿದ್ದರೆ ಕಲೆ ಅಲ್ಲಿಯೇ ನಿಲ್ಲುತ್ತಿತ್ತು. ನಿನ್ನ ಬಾಟಲಿಯ ತಳದಲ್ಲಿ ಉಳಿದಿರುವುದೇ ಸಾಕಲ್ಲೋ, ಶೀನಿ! ಈ ಹಲಗೆಯೇ ಬೇಕಿರಲಿಲ್ಲ."

"ಬಣ್ಣದವನೂ ಹೀಗೆಯೇ ಹೇಳಿದ್ದ. ಇವರೇ ಬೇಡವೆಂದರು" ಎಂದಳು ಪದ್ದಕ್ಕ.

ಶೀನಿಯು ಅಗತ್ಯವಿಲ್ಲದಿದ್ದರೂ ಒಂದು ಸ್ಕ್ರೂವನ್ನು ಹುಡುಕುತ್ತ ಮಂಚದ ಕೆಳಗೆ ಬಗ್ಗಿದನು. ಗೋಡೆಗೊಂದು, ಹಲಗೆಯ ಬೆನ್ನಿಗೊಂದು, 45 ಡಿಗ್ರಿ ಓರೆಯಾಗಿ ಸೀಳಿದ ಪಟ್ಟಿಗಳನ್ನು ಅವನು ಬಡಿದಿದ್ದನು. ಒಂದರ ಮೇಲೊಂದು ಕೂತರೆ ಹಲಗೆ ಗಟ್ಟಿಯಾಗಿ ನಿಲ್ಲುತ್ತದೆ, ಎತ್ತಿದರೆ ಹಾಗೆಯೇ ಕೈಗೆ ಬರುತ್ತದೆ. ರಾಘಣ್ಣ ಆ ಪಟ್ಟಿಯನ್ನೊಮ್ಮೆ, ಶೀನಿಯ ಬೆನ್ನನ್ನೊಮ್ಮೆ ನೋಡಿದನು.

"ಏಳಪ್ಪ, ಒಂದು ತುದಿ ನಾನು ಹಿಡಿಯುತ್ತೇನೆ" ಎಂದನು.

ಹಲಗೆ ಕೂತಿತು, ಗುರುತು ಮರೆಯಾಯಿತು. ಕೆಲಸದ ಗಟ್ಟಿತನವನ್ನು ಪರೀಕ್ಷಿಸುವ ನೆಪದಲ್ಲಿ ರಾಘಣ್ಣ ಮಂಚದ ಮೇಲೆ ಕಾಲು ಚಾಚಿ, ತಲೆ ಒರಗಿಸಿ, ಪತ್ರಿಕೆ ಬಿಡಿಸಿದನು. ಕಾಫಿ ಮುಗಿಸಿ ಎದ್ದಾಗ ಹೊಸ ಪಾಲಿಶಿನ ಮೇಲೆ ಅವನ ತಲೆಯ ಜಿಡ್ಡು ದುಂಡಗೆ ಮೂಡಿತ್ತು. ಶೀನಿಯು 220ರ ಉಪ್ಪುಕಾಗದಕ್ಕೆ ಕೈ ಹಾಕಿದನು.

"ಮುಟ್ಟಬೇಡವೋ" ಎಂದನು ರಾಘಣ್ಣ. "ಅದು ಮೊದಲನೆಯ ಕೋಟು."