ಅಪ್‌ಡೇಟ್: ಕ್ಯಾಮೆರಾ ಕೊಟ್ಟ ಹೆಸರು ಈಗ ಫೋಟೊದೊಳಗೇ ಇದೆ

ಬೀದರ್ ಕೋಟೆ, ಗವಾನ್ ಮದರಸಾದ ಫೋಟೊಗಳಿಗೆ ಹೊಸ ಹೆಸರು ಇಟ್ಟರೂ ‘ಡಿಎಸ್‌ಸಿ_0412’ ಥರದ ಮೂಲ ಹೆಸರು ಉಳಿಸೋದು ಹೇಗೆ ಅಂತ ಕೇಳಿದ್ದೆ. ಫೋಟೊದೊಳಗಿನ ಮಾಹಿತಿಯನ್ನು ಕಮಾಂಡ್ ಕೊಟ್ಟು ಓದೋ, ಬರೆಯೋ ತಂತ್ರಾಂಶ ಎಕ್ಸಿಫ್‌ಟೂಲ್‌ನಿಂದ ಕೆಲಸ ಆಯ್ತು.

ಹೆಸರು ಬದಲಿಸೋ ಮೊದಲೇ ಎಕ್ಸ್‌ಎಂಪಿಯ (ಫೋಟೊದೊಳಗೇ ಮಾಹಿತಿ ಇಡೋ ಒಂದು ಮಾದರಿ) ‘ಪ್ರಿಸರ್ವ್ಡ್‌ಫೈಲ್‌ನೇಮ್’ ಟ್ಯಾಗ್‌ಗೆ, ಅಂದರೆ ಆ ಹೆಸರಿನ ಖಾನೆಗೆ, ‘ಫೈಲ್‌ನೇಮ್’ (ಫೈಲಿನ ಈಗಿನ ಹೆಸರು) ನಕಲಾಗಬೇಕು. ಕಮಾಂಡ್‌ನಲ್ಲಿ ಎಡಕ್ಕೆ ಬರೆಯೋ ಟ್ಯಾಗ್, ನಡುವೆ < ಚಿಹ್ನೆ, ಬಲಕ್ಕೆ ಫೈಲ್‌ನೇಮ್. ಇಷ್ಟನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೇ ಇಡಿ. ಇಲ್ಲದಿದ್ದರೆ ವಿಂಡೋಸ್ ಆ < ಅನ್ನು ಫೈಲ್ ಓದೋ ಆದೇಶ ಅಂದುಕೊಳ್ಳುತ್ತೆ.

ನಿಜವಾದ ಅಪಾಯ ಬೇರೆ. ಹೆಸರು ಬದಲಾದ ಮೇಲೆ ಅದೇ ಕಮಾಂಡ್ ಇನ್ನೊಮ್ಮೆ ಓಡಿಸಿದರೆ ಟ್ಯಾಗ್‌ನಲ್ಲಿ ಹೊಸ ಹೆಸರು ಕೂರುತ್ತೆ, ಮೂಲ ಹೋಯ್ತು. ಕಮಾಂಡ್‌ಗೆ ‘-ಡಬ್ಲ್ಯುಎಂ ಸಿಜಿ’ (-wm cg) ಅನ್ನೋ ಆಯ್ಕೆ ಸೇರಿಸಿದರೆ ಟ್ಯಾಗ್ ಇಲ್ಲದ ಫೋಟೊಗೆ ಮಾತ್ರ ಬರೆಯುತ್ತೆ. ಇದನ್ನು ದಯವಿಟ್ಟು ಬಿಡಬೇಡಿ.

ಹಳೆ ಹೆಸರು ವಾಪಸ್ ಬೇಕಾದರೆ ಎಡ-ಬಲ ಅದಲುಬದಲು ಮಾಡಿ. ಮೊದಲು ಫೈಲ್‌ನೇಮ್ ಜಾಗದಲ್ಲಿ ‘ಟೆಸ್ಟ್‌ನೇಮ್’ ಹಾಕಿದರೆ ಏನೂ ಬದಲಾಗದೆ ಫಲಿತಾಂಶ ಕಾಣುತ್ತೆ. ಕ್ಯಾಮೆರಾ ಎಣಿಕೆ 9999 ದಾಟಿ 0001ಕ್ಕೆ ಮರಳಿದ್ದರೆ ಒಂದೇ ಹೆಸರಿನ ಎರಡು ಫೋಟೊ ಇರ್ತಾವೆ. ಎರಡನೆಯದಕ್ಕೆ ಎರರ್ ಬರುತ್ತೆ, ಹಾಗಾಗಿ ಫೋಲ್ಡರ್ ಬೇರೆ ಮಾಡಿ.

ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೊ ಆಗಿ ಕಳಿಸಿದರೆ ಟ್ಯಾಗ್ ಅಳಿಸಿಹೋಗುತ್ತೆ.